ಬಾಮೈದನ ಹೊಟ್ಟೆಯಲ್ಲಿ ನನ್ನ ಕಲ್ಲು

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆ, ಮಾನಗೆಟ್ಟ ಕಾಯಿಲೆ ಎಂದು ಎರಡು ಬಗೆ. ಕಿಡ್ನಿಯ ಕಲ್ಲು ಮೊದಲನೆಯದು, ಗ್ಯಾಸು ಎರಡನೆಯದು. ಕಲ್ಲಿರುವವನು ನರಳಿದರೆ ಮನೆಮಂದಿಯೆಲ್ಲ ಸುತ್ತ ಬಂದು ಕೂರುತ್ತಾರೆ. ಗ್ಯಾಸಿನವನು ನರಳಿದರೆ ಎದ್ದು ಆಚೆ ಹೋಗುತ್ತಾರೆ. ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲದಲ್ಲಿ ನಾನು ಅಲ್ಲೊಂದರ ಸ್ಟೋರಿನಲ್ಲಿದ್ದೆ. ನಮ್ಮ ಕ್ಯಾಂಟೀನಿನಲ್ಲಿ ಕಲ್ಲಿದ್ದವರದೇ ಒಂದು ಮೇಜು. ಒಬ್ಬ ತನ್ನದು ಕಡಲೆಕಾಳಿನಷ್ಟು ಅಂದರೆ ಇನ್ನೊಬ್ಬ ತನ್ನದು ಹುಣಸೆಬೀಜದಷ್ಟು ಅನ್ನುವನು. ನಾನು ಗ್ಯಾಸಿನ ಮಾತ್ರೆ ನುಂಗಿಕೊಂಡು ದೂರ ಕೂರುತ್ತಿದ್ದೆ.

ಹೀಗಿರುವಾಗ ನನಗೂ ಸೊಂಟದಿಂದ ಕೆಳಹೊಟ್ಟೆಯವರೆಗೆ ಹಿಡಿದುಕೊಳ್ಳುವ ನೋವು ಶುರುವಾಯಿತು. ಕಲ್ಲೇ ಎಂದು ಸಾರಿದೆ. ಹೆಂಡತಿ ಜಯಮ್ಮ ಕೈಯಲ್ಲಿದ್ದ ಸೌಟನ್ನೂ ಕೆಳಗಿಡಲಿಲ್ಲ. "ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಸಂಜೆ ತಿಂದ್ರಲ್ಲ ಬೋಂಡ, ಅದು ಕಣ್ರೀ," ಎಂದಳು. ಮದುವೆಯಾದಾಗಿನಿಂದ ನನ್ನ ಒಂದು ನೋವನ್ನೂ ಅವಳು ನಂಬಿದವಳಲ್ಲ. ಕಲ್ಲಿದ್ದರೆ ಆಪರೇಷನ್ನಿನ ಭಯ, ಇಲ್ಲದಿದ್ದರೆ ಇವಳೆದುರು ಜನ್ಮದಲ್ಲಿ ತಲೆ ಎತ್ತುವಂತಿಲ್ಲ. ಯೋಚಿಸಿ ನೋಡಿದೆ, ಆಪರೇಷನ್ನೇ ವಾಸಿ ಅನ್ನಿಸಿತು. ರಾಮನಗರಕ್ಕೆ ಸ್ಕ್ಯಾನಿಂಗಿಗೆ ಹೊರಟೆ.

ಜೊತೆಗೆ ಬಂದವನು ಬಾಮೈದ ಸಿದ್ದರಾಜು, ದೊಡ್ಡಆಲಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವವನು. ಹೊಟ್ಟೆ ತುಂಬ ನೀರು ಕುಡಿದು ಉಚ್ಚೆ ತಡೆದುಕೊಂಡು ಕೂತಿರಿ, ಆಗಲೇ ಒಳಗಿನದು ಚೆನ್ನಾಗಿ ಕಾಣುವುದು ಎಂದು ಅಲ್ಲಿನ ನರ್ಸಮ್ಮ ಹೇಳಿದರು. ನಮ್ಮ ಕಡೆ ನೆಂಟನೊಬ್ಬನನ್ನೇ ಎಲೆ ಮುಂದೆ ಕೂರಿಸಿ ಸುಮ್ಮನೆ ನೋಡುವ ಪದ್ಧತಿಯಿಲ್ಲ. "ನೀವೊಬ್ರೇ ಕುಡಿಯೋದಾ ಬಾವ? ಎಂಗ್ ಸರಿ ಆಯ್ತದೆ?" ಎಂದು ಸಿದ್ದರಾಜು ಲೋಟಕ್ಕೆ ಲೋಟ ನನಗೆ ಸಾಟಿಯಾಗಿ ಕುಡಿದ. ಅಷ್ಟರಲ್ಲಿ ಕರೆಂಟು ಹೋಯಿತು. ಒಬ್ಬರ ಮುಖ ಒಬ್ಬರು ನೋಡಿ ನಕ್ಕರೆ ಅನಾಹುತವಾದೀತೆಂದು ಇಬ್ಬರೂ ಕಾಲು ಬಿಗಿಹಿಡಿದು ಗೋಡೆ ನೋಡುತ್ತ ಕೂತೆವು. ಕೊನೆಗೆ ನನ್ನ ಕೈಲಾಗಲಿಲ್ಲ. "ಒಸಿ ಜಾಗ ನೋಡ್ಕೊಳ್ಲಾ," ಎಂದು ಹೇಳಿ ಓಡಿದೆ.

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ಸಿದ್ದರಾಜುವನ್ನು ಮೀರಿಸುವವರು ಕನಕಪುರ ತಾಲ್ಲೂಕಿನಲ್ಲೇ ಇಲ್ಲ. ನಾನು ಅತ್ತ ಹೋದದ್ದೇ ಕರೆಂಟು ಬಂತು, ನನ್ನ ಹೆಸರು ಕೂಗಿದರು. ಸರದಿ ತಪ್ಪಿದರೆ ಬಾವನ ಗತಿಯೇನು ಎಂದು ಅವನು 'ಹೂಂ' ಅಂದು ಒಳಗೆ ನುಗ್ಗಿ, ಮಂಚ ಹಿಡಿದು ಮಲಗಿಯೇಬಿಟ್ಟ. ಡಾಕ್ಟರು ಅಂಗಿ ಎತ್ತಿಸಿ, ತಣ್ಣನೆಯ ಜೆಲ್ ಬಳಿದು ನೋಡತೊಡಗಿದರಂತೆ. ಬಾಯಿಬಿಟ್ಟರೆ ಜಾಗ ಹೋಗುತ್ತದಲ್ಲ ಎಂದು ಇವನು ಉಸಿರೆತ್ತಲಿಲ್ಲ.

ನಾನು ಹಗುರಾಗಿ ಬರುವಷ್ಟರಲ್ಲಿ ಅವನು ಹೊಟ್ಟೆ ಒರೆಸಿಕೊಳ್ಳುತ್ತ ಆಚೆ ಬಂದ. "ಬಾವ, ನಿಮ್ಗೆ ಕಲ್ಲೈತಂತೆ! ಎಡಗಡೇಲಿ!" ನನಗಾದ ಸಂತೋಷ ಹೇಳತೀರದು, ಅವನನ್ನು ಬಾಚಿ ತಬ್ಬಿಕೊಂಡೆ. ಜೆಲ್ ನನ್ನ ಅಂಗಿಗೂ ಮೆತ್ತಿಕೊಂಡಾಗಲೇ ಬುದ್ಧಿ ಬಂದದ್ದು. "ಲೇ, ಒಳಗೆ ಮಲಗಿದ್ದು ಯಾರ್ಲಾ?"

"ನಾನೇಯ. ಆದ್ರೆ ಎಸ್ರು ನಿಮ್ದೇ ಅಲ್ವಾ ಬಾವ?"

ವಿಷಯ ತಿಳಿದ ಡಾಕ್ಟರು ಇಬ್ಬರಿಗೂ ಸರಿಯಾಗಿ ಉಗಿದು, ನನಗೆ ಮತ್ತೆ ನೀರು ಕುಡಿಸಿ, ನನ್ನ ಹೊಟ್ಟೆಯ ಮೂಲೆ ಮೂಲೆ ಹುಡುಕಿದರು. "ಏನೂ ಇಲ್ಲ. ಬರೀ ಗ್ಯಾಸು," ಎಂದರು. "ಇನ್ನೊಂದ್ಸಲ ನೋಡಿ ಸಾರ್, ಸಣ್ಣದಾದ್ರೂ ಪರವಾಗಿಲ್ಲ," ಎಂದು ಬೇಡಿಕೊಂಡೆ. ಅವರು ಮಿಷನ್ ಆರಿಸಿದರು.

ಮನೆಯಲ್ಲಿ ಜಯಮ್ಮ, ಒಂದು ದಿನವೂ ನೋವು ಕಾಣದ ತಮ್ಮನನ್ನು ಮಂಚದ ಮೇಲೆ ಮಲಗಿಸಿ, ಕಲ್ಲು ಕರಗಲೆಂದು ಬಾಳೆದಿಂಡಿನ ರಸ ಕುಡಿಸಿದಳು. ಅವನು ಅದನ್ನು ಕುಡಿದು ಬಾಯಿ ಒರೆಸಿಕೊಂಡು, "ನಂಗೆಲ್ಲಿಂದ ಬತ್ತದಕ್ಕ ಕಲ್ಲು? ಬಾವನ ಜಾಗ್ದಲ್ಲಿ ಮಲಗ್ದೆ, ಬಾವಂದು ನಂಗ್ ಬಂದ್ಬುಡ್ತು," ಎಂದ. ಜಯಮ್ಮ ಕಣ್ಣೀರು ತುಂಬಿಕೊಂಡು ನನ್ನತ್ತ ತಿರುಗಿದಳು. "ನಿಮ್ ಕಲ್ಲ ನೀವೇ ಇಟ್ಕೊಳ್ಳಕ್ಕೆ ಆಗ್ಲಿಲ್ವಾ? ನನ್ ತಮ್ಮನ್ ಹೊಟ್ಟೆಗೆ ಹಾಕ್ಬುಟ್ರಲ್ಲ!"

ಕಲ್ಲು ಹಾಗೆಲ್ಲ ಹಾರುವುದಿಲ್ಲ ಎಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ನನಗೆ ಕಲ್ಲಿತ್ತು ಎಂದು ಅವಳು ಒಪ್ಪಿದ್ದು ಇದೇ ಮೊದಲು. ಸ್ವಲ್ಪ ಹೊತ್ತಿಗೆ ಅವಳ ದನಿ ಮೆತ್ತಗಾಯಿತು. "ಅಲ್ಲಾರೀ, ಅಂಥಾ ಕಲ್ಲಿಟ್ಕೊಂಡು ಇಷ್ಟ್ ದಿನ ಎಂಗ್ ತಡ್ಕೊಂಡಿದ್ರಿ?"

ನಾನು ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಕೂತು, "ಎಂಗೋ ತಡ್ಕೊಂಡೆ ಕಣೆ," ಎಂದೆ.