ಹತ್ತು ಉಸಿರಿನವನನ್ನು ಯಾರು ನಂಬುತ್ತಾರೆ?

ಸಿಟ್ಟಿನ ಮನುಷ್ಯನನ್ನು ನಮ್ಮ ಕಡೆ ಜನ ತಟ್ಟನೆ ನಂಬುತ್ತಾರೆ. ಅವನು ತಣ್ಣಗಾದನೋ, ಸುರುವಾಯಿತು ಸಂಶಯ. ಎಪ್ಪತ್ತರ ದಶಕದಲ್ಲಿ ಯಾವ ಊರಿಗೆ ಹೋದರೂ ನನಗೆ ಇದೇ ಪಾಡು.

೧. ಮದ್ದು

ನಾನು ಜಮೀನು ಅಳೆಯುವ ಮೋಜಣಿದಾರನಾಗಿದ್ದೆ. ಬಿ.ಎ. ಓದಿದವನೇ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಸವದತ್ತಿ ಹತ್ತಿರ ಒಬ್ಬ ಗೌಡರು "ಸರಪಳಿ ಸ್ವಲ್ಪ ಜಗ್ಗಿ ಹಿಡೀರಿ" ಅಂದದ್ದಕ್ಕೆ, ಅಳೆಯುವ ಸರಪಳಿಯನ್ನೇ ಅವರ ಬಾವಿಗೆ ಒಗೆದಿದ್ದೆ. ಸಾಹೇಬರು ಕರೆಸಿ, "ಇನ್ನೊಂದು ತಕರಾರು ಅರ್ಜಿ ಬಂತಂದ್ರ ನಿಮಗ ಬೀದರಕ್ಕ ವರ್ಗ" ಅಂದರು. ಹೆಂಡತಿಗೆ ರಾಮದುರ್ಗದ ಕನ್ನಡ ಸಾಲೆಯಲ್ಲಿ ಆಗಷ್ಟೇ ನೌಕರಿ ಸಿಕ್ಕಿತ್ತು. ಅವಳಿಲ್ಲಿ, ನಾನಲ್ಲಿ! ನಿದ್ದೆ ಹಾರಿತು.

ಪಕ್ಕದ ಮನೆಯ ಮುದುಕ ಮಾಸ್ತರರು ಮದ್ದು ಹೇಳಿದರು: "ಸಿಟ್ಟು ನುಂಗಬ್ಯಾಡ್ರಿ, ಕಾರಲೂಬ್ಯಾಡ್ರಿ. ಕಣ್ಣು ಮುಚ್ಚಿ, ಉಸಿರು ಬರೂದು ಹೋಗೂದು ನೋಡಕೋತ ನಿಂದರ್ರಿ. ಹತ್ತು ಉಸಿರಾದ ಮ್ಯಾಲ ಮಾತಾಡ್ರಿ."

"ಅಷ್ಟರಾಗ ಎದುರಿನವ ಹೋಗಿಬಿಟ್ಟರ?"

"ಅದಕ್ಕಿಂತ ಚಲೋ ಏನೈತ್ರಿ?"

೨. ಕಿಸೆ

ಮೊದಲ ಪ್ರಯೋಗ ಮನೆಯಲ್ಲಿ. ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ತಾಟಿನ ಮುಂದೆ ಕಣ್ಣು ಮುಚ್ಚಿ ಹತ್ತು ಎಣಿಸಿ, "ಚಲೋ ಆಗೇತಿ" ಅಂದೆ.

ಹೆಂಡತಿ ಒಲೆ ಬಿಟ್ಟೆದ್ದು ನನ್ನ ಅಂಗಿ ಕಿಸೆ, ಕೋಟಿನ ಕಿಸೆ, ಕಡೆಗೆ ಮಡಚಿಟ್ಟ ಕೊಡೆಯನ್ನೂ ಬಿಚ್ಚಿ ಜಾಡಿಸಿದಳು.

"ಏನ ಹುಡಕಾಕತ್ತಿ?"

"ವರ್ಗದ ಆರ್ಡರು. ಬಂದೇತಿ, ಮುಚ್ಚಿಟ್ಟೀರಿ. ಈ ಪಲ್ಯ ಚಲೋ ಐತಿ ಅನ್ನೂ ಮನಷ್ಯಾ ನೀವಲ್ಲ."

ಆಣೆ ಮಾಡಿದರೂ ನಂಬಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು, "ಒಂದ ಸಲ ಒದರ್ರಿ, ನನಗ ಸಮಾಧಾನ ಆಗ್ಲಿ" ಅಂದಳು.

೩. ಟವೆಲ್

ಬೈಲಹೊಂಗಲದಲ್ಲಿ ಕಿತ್ತೂರಿನ ಬಸ್ಸಿಗೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದೆ. ಒಳಗೆ ಹತ್ತಿ ನೋಡಿದರೆ ಟವೆಲ್ಲಿನ ಮೇಲೇ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಸಿಟ್ಟು ನೆತ್ತಿಗೇರಿತು. ತುಟಿ ಬಿಗಿಹಿಡಿದು ಕೆಳಗಿಳಿದು, ನೆರಳಿಗೆ ನಿಂತು ಕಣ್ಣು ಮುಚ್ಚಿದೆ.

ಒಳಗಿನಿಂದ ವ್ಯಾಪಾರಿಯ ದನಿ: "ಬೈಯದ ಇಳದ ಹೋದ ಅಂದ್ರ ಪೊಲೀಸರನ್ನ ಕರ್ಯಾಕ ಹೋಗ್ಯಾನ. ಡ್ರೈವರಣ್ಣಾ, ಬಿಡೋ ಗಾಡಿ!"

ಎಂಟನೆಯ ಉಸಿರಿಗೆ ಬಸ್ಸು ಹೊರಟಿತು. ಅಂದು ಕಿತ್ತೂರು ಮುಟ್ಟಿದ್ದು ನನ್ನ ಟವೆಲ್ ಮಾತ್ರ.

೪. ಹೋಳಿಗೆ

ಕಟಕೋಳದಲ್ಲಿ ಅಣ್ಣತಮ್ಮಂದಿರ ಹೊಲದ ನಡುವಿನ ಗಡಿಕಲ್ಲಿನ ಜಗಳ. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅಳೆದು ಕಲ್ಲಿನ ಜಾಗ ತೋರಿಸಿದೆ.

"ಕಣ್ಣಾಗ ಸುಣ್ಣ ಬಿದ್ದೇತೇನ್ರಿ?" ಅಂದ ಅಣ್ಣ.

ಕಣ್ಣು ಮುಚ್ಚಿದೆ, ಹತ್ತು ಎಣಿಸಿದೆ, ನಕ್ಕೆ. ಅಲ್ಲೇ ಕೆಟ್ಟಿತು.

"ನಕ್ಕರು! ತಮ್ಮನ ಮನ್ಯಾಗ ಹೋಳಗಿ ಉಂಡ ಬಂದಾರ!"

"ಉಂಡಿದ್ದು ನಿನ್ನ ಮನ್ಯಾಗ!" ಅಂದ ತಮ್ಮ.

ವಾರದೊಳಗೆ ಇಬ್ಬರೂ ಒಂದೇ ಚಕ್ಕಡಿಯಲ್ಲಿ ಸಾಹೇಬರಲ್ಲಿಗೆ ಬಂದರು. ಅರ್ಜಿಯೂ ಒಂದೇ: ಅಳೆಯುವಾಗ ಮೋಜಣಿದಾರರು ಯಾರನ್ನೂ ಬೈಯಲಿಲ್ಲ, ಸಂಶಯಕ್ಕೆ ಆಸ್ಪದವಿದೆ.

"ಬೈದ್ರೂ ಅರ್ಜಿ, ಬೈಯದಿದ್ರೂ ಅರ್ಜಿ! ಏನ ನಡಸೀರಿ?" ಅಂದರು ಸಾಹೇಬರು. ಹತ್ತು ಉಸಿರಿನ ಮದ್ದು ವಿವರಿಸಿದೆ. "ಭೇಷ್ ಐತಿ, ನಾನೂ ಮಾಡಿ ನೋಡ್ತೇನಿ. ಆದರ ಅರ್ಜಿ ಅಂದ್ರ ಅರ್ಜಿ" ಎಂದು ವರ್ಗದ ಕಾಗದ ಎಳೆದುಕೊಂಡರು.

ಕಣ್ಣು ಮುಚ್ಚಿದೆ. ಒಂದು, ಎರಡು, ಮೂರು... ಅಣ್ಣ ಪಿಸುಗುಟ್ಟಿದ: "ನೋಡ್ರಿ, ಹೋಳಗಿ ಇನ್ನೂ ಅರಗಿಲ್ಲ."

"ಏ ಶಾಣ್ಯಾರಾ!" ಎಂದು ಮೇಜು ಗುದ್ದಿದೆ. "ಅಂಥಾ ಬಿಸಲಾಗ ಒಂದ ತಂಬಿಗಿ ನೀರರ ಕೊಟ್ಟಿರೇನು? ಹೋಳಗಿ ಅಂತ, ಹೋಳಗಿ!"

ಇಬ್ಬರ ಮುಖವೂ ಅರಳಿತು.

"ಅಣ್ಣಾ, ನೀ ನೀರೂ ಕೊಟ್ಟಿಲ್ಲೇನ?"

"ನೀ ಕೊಟ್ಟೀ ಅಂತ ತಿಳದಿದ್ನೆಪಾ. ಹಂಗಾರ ಕಲ್ಲು ಸರಿ ಐತಿ!"

ಅರ್ಜಿ ವಾಪಸ್ ತೆಗೆದುಕೊಂಡು, ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು.

ಗೆದ್ದೆನೆಂದು ತಿರುಗಿದೆ. ನನ್ನ ಗುದ್ದಿಗೆ ಮಸಿಬುಡ್ಡಿ ಮಗುಚಿ ವರ್ಗದ ಕಾಗದವೂ ನೀಲಿ, ಸಾಹೇಬರ ಬಿಳಿ ಅಂಗಿಯೂ ನೀಲಿ. ಅವರು ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದರು.

"ಆರು... ಏಳು..."

ಹತ್ತಾಗುವುದರೊಳಗೆ ನಾನು ಬಸ್ಸಿನಲ್ಲಿದ್ದೆ. ಟವೆಲ್ ಒಗೆಯುವಷ್ಟೂ ಪುರುಸೊತ್ತಿರಲಿಲ್ಲ.