ಫಿಂಟಾಸ್ ಎಸ್ಟೇಟಿನ ಮೊದಲ ಕೊಯ್ಲು

ನಲವತ್ತು ದಾಟಿದ ಗಂಡಸರಿಗೆ ಇದ್ದಕ್ಕಿದ್ದಂತೆ ಮಣ್ಣಿನ ಮೇಲೆ ಪ್ರೀತಿ ಉಕ್ಕಿ ಬರುತ್ತದೆ. ಅಲ್ಲಿಯವರೆಗೆ ಚಪ್ಪಲಿಗೆ ಕೆಸರು ಮೆತ್ತಿದರೆ ಮುಖ ಸಿಂಡರಿಸುತ್ತಿದ್ದವರು ಆಮೇಲೆ ಸಾವಯವ, ಬೇರು, ನೆಲದ ನಂಟು ಎಂದೆಲ್ಲ ಮಾತಾಡತೊಡಗುತ್ತಾರೆ. ನನಗೂ ಆ ರೋಗ ಬಂತು. ಬಂದದ್ದು ಮಾತ್ರ ಕುವೈತಿನಲ್ಲಿ, ಫಿಂಟಾಸಿನ ಆರನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ. ನನ್ನ ವಂಶದಲ್ಲಿ ಯಾರೂ ಬೇಸಾಯ ಮಾಡಿದವರಲ್ಲ. ಅಪ್ಪ ಮೈಸೂರಿನಲ್ಲಿ ಅಂಚೆ ಇಲಾಖೆಯಲ್ಲಿದ್ದರು, ತಾತ ಮೇಷ್ಟ್ರು. ನಮ್ಮ ಮನೆಯ ತುಳಸಿಯೇ ವರ್ಷಕ್ಕೆರಡು ಸಲ ಒಣಗಿ, ಪಕ್ಕದ ಮನೆಯಿಂದ ಹೊಸ ಸಸಿ ತರಬೇಕಾಗುತ್ತಿತ್ತು. ನಾನಾದರೋ ಇಲ್ಲಿನ ಮಿರ್ಕಾಬ್ ಬಡಾವಣೆಯ ಒಂದು ಕಚೇರಿಯಲ್ಲಿ ಏಸಿ ಡಕ್ಟುಗಳ ನಕ್ಷೆ ಬರೆಯುವ ಎಂಜಿನಿಯರು. ಇಂಥವನು ಕಾಫಿ ಎಸ್ಟೇಟಿನ ಮಾಲೀಕನಾದದ್ದೂ, ಆ ಎಸ್ಟೇಟಿಗಾಗಿ ಹೆಂಡತಿಗೆ ಜೀವಮಾನದ ಅತಿ ದೊಡ್ಡ ಸುಳ್ಳು ಹೇಳಿದ್ದೂ ಹೇಗೆಂದು ಹೇಳಿಕೊಳ್ಳಬೇಕಾಗಿದೆ. ಎಸ್ಟೇಟು ಎಂದರೆ ಒಂದೇ ಒಂದು ಗಿಡ. ಅದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಒಳ್ಳೆಯದು, ನನಗೂ ಒಳ್ಳೆಯದು.

ಗಿಡ ಕೊಟ್ಟವಳು ಕ್ಯಾರಲ್. ನನ್ನ ಹೆಂಡತಿ ಸುಮಾ ಪಾಠ ಮಾಡುವ ಶಾಲೆಯಲ್ಲೇ ಇಂಗ್ಲಿಷ್ ಹೇಳಿಕೊಡುವ ಹವಾಯಿಯ ಹೆಂಗಸು. ಒಂದು ಶುಕ್ರವಾರ ಊಟಕ್ಕೆ ಬಂದವಳು ನಮ್ಮ ಹಿತ್ತಾಳೆಯ ಕಾಫಿ ಫಿಲ್ಟರನ್ನು ಕೈಯಲ್ಲಿ ಹಿಡಿದುಕೊಂಡು ತನ್ನ ಮನೆಯ ಕಥೆ ತೆಗೆದಳು. ಅವಳ ಅಪ್ಪ ಅಮ್ಮನಿಗೆ ಅಲ್ಲಿನ ಬೆಟ್ಟದ ಇಳಿಜಾರಿನಲ್ಲಿ ಮೂರೇ ಎಕರೆ ಕಾಫಿಯಂತೆ. ಆಳುಗಳಿಲ್ಲ. ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಹಣ್ಣು ಬಿಡಿಸಬೇಕು. ಅಜ್ಜಿಯ ಕಾಲದಲ್ಲಿ ಶಾಲೆಗಳೇ ಕೊಯ್ಲಿನ ತಿಂಗಳುಗಳಲ್ಲಿ ರಜೆ ಕೊಡುತ್ತಿದ್ದವಂತೆ. ಬೀಜ ಒಣಗಿಸುವುದು ಹಲಗೆಯ ಅಟ್ಟದ ಮೇಲೆ, ಅದರ ಚಾವಣಿಗೆ ಚಕ್ರಗಳಿವೆ. ಬಿಸಿಲಿದ್ದಾಗ ಚಾವಣಿ ಪಕ್ಕಕ್ಕೆ ತಳ್ಳಿರುತ್ತಾರೆ. ನಾಲ್ಕು ಹನಿ ಬಿತ್ತೋ, ಊಟದ ತಟ್ಟೆ ಬಿಟ್ಟು ಮನೆಮಂದಿಯೆಲ್ಲ ಓಡಿಹೋಗಿ ಚಾವಣಿ ಎಳೆದು ಮುಚ್ಚುತ್ತಾರೆ. "ನಮ್ಮಪ್ಪ ಕೊಯ್ಲಿನ ಕಾಲದಲ್ಲಿ ತೋಟ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ನನ್ನ ಮದುವೆಯನ್ನೂ ಕೊಯ್ಲು ಮುಗಿದ ಮೇಲೇ ಇಟ್ಟರು" ಎಂದು ನಕ್ಕಳು. ಸುಮಾ "ಅಯ್ಯೋ ಪಾಪ" ಅಂದಳು. ನನ್ನ ಕಣ್ಣಲ್ಲಿ ಮಾತ್ರ ನೀರು ಬಂತು. ಎಂಥ ಬಾಳು! ಡಕ್ಟು ಬರೆದು ಬರೆದು ನಾನು ಸಂಪಾದಿಸಿದ್ದೇನು, ಬೆನ್ನುನೋವು. ಮುಂದಿನ ವಾರ ಕ್ಯಾರಲ್ ತಾನೇ ಬೀಜ ಹಾಕಿ ಬೆಳೆಸಿದ್ದ ಒಂದು ಗೇಣುದ್ದದ ಸಸಿಯನ್ನು ತಂದುಕೊಟ್ಟಳು.

ಆ ಸಸಿಗೆ ನಾನು ಮಾಡಿದ ಸೇವೆಯನ್ನು ಹೆತ್ತವರಿಗೆ ಮಾಡಿದ್ದರೆ ಇಷ್ಟು ಹೊತ್ತಿಗೆ ಊರಲ್ಲಿ ನನ್ನ ಹೆಸರು ಹೇಳುತ್ತಿದ್ದರು. ಹಾಲಿನ ಕಿಟಕಿಯ ಪಕ್ಕದ ಜಾಗ ಅದಕ್ಕಾಯಿತು, ಟೀವಿ ಮೂಲೆಗೆ ಹೋಯಿತು. ಏಸಿಯ ಗಾಳಿ ನೇರ ಬಡಿಯದಂತೆ ರಟ್ಟಿನಲ್ಲಿ ಒಂದು ಡಕ್ಟು ಮಾಡಿ ತಿರುಗಿಸಿದೆ; ನನ್ನ ವಿದ್ಯೆ ಮನೆಗೆ ಉಪಯೋಗವಾದದ್ದು ಅದೊಂದೇ ಸಲ. ಹವಾಯಿಯ ಮಾದರಿಯಲ್ಲಿ ಮನೆಯವರಿಗೆಲ್ಲ ಕೆಲಸ ಹಂಚಿದೆ. ನೀರಾವರಿ ಸುಮಾಳಿಗೆ. ಎಲೆಯ ಮೇಲಿನ ಧೂಳು ಒರೆಸುವುದು ಆಗಿನ್ನೂ ಆರು ವರ್ಷದ ಮಗಳು ಅನಘಾಳಿಗೆ. ಮೇಲ್ವಿಚಾರಣೆ ನನ್ನದು. "ನಮ್ಮ ತೋಟಕ್ಕೆ ಹೋಗಿ ಬಾ ಪುಟ್ಟಿ" ಎಂದು ಬಟ್ಟೆ ಕೊಟ್ಟರೆ ಅವಳು, "ಅಪ್ಪಾ, ಇಟ್ಸ್ ಎ ಪಾಟ್" ಅನ್ನುತ್ತಿದ್ದಳು. ಸುಮಾ ಅಕ್ಕಿ ತೊಳೆದ ನೀರನ್ನು ಅತ್ತ ನೋಡದೆ ಸುರಿದು ಹೋಗುತ್ತಿದ್ದಳು. ಹೀಗೇ ನಾಲ್ಕು ವರ್ಷ. ಐದನೆಯ ವರ್ಷ ಮಲ್ಲಿಗೆಯಂಥ ಬಿಳಿ ಹೂವು ಬಿಟ್ಟಿತು, ಎರಡು ದಿನ ಮನೆಯೆಲ್ಲ ಘಮ್ಮೆಂದಿತು. ಹೂವು ಉದುರಿ ಕಾಯಿ ಕಚ್ಚಿತು. ಎಣಿಸಿದೆ, ಐವತ್ತೆಂಟು. ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲು ಎಣಿಸುತ್ತಿದ್ದೆ, ಒಂದೂ ಕಡಿಮೆಯಾಗಿರಲಿಲ್ಲ.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಕಾಯಿಗಳು ಕೆಂಪಾಗತೊಡಗಿದ್ದು ಜೂನ್ ಕೊನೆಯಲ್ಲಿ. ಜುಲೈಯಲ್ಲಿ ನಾವು ಊರಿಗೆ ಹೋಗಬೇಕು. ಬರೀ ರಜೆಯಲ್ಲ, ಸುಮಾಳ ಒಬ್ಬನೇ ತಮ್ಮನ ಮದುವೆ. ನನಗಾಗಿ ಜರಿ ಅಂಚಿನ ರೇಷ್ಮೆ ಪಂಚೆಯನ್ನು ಮಾವನವರು ಮುಂಗಡವಾಗಿಯೇ ಕಳಿಸಿಕೊಟ್ಟಿದ್ದರು. ಕಾಫಿ ಹಣ್ಣು ಎಲ್ಲವೂ ಒಟ್ಟಿಗೆ ಮಾಗುವುದಿಲ್ಲ, ಇವತ್ತು ಮೂರು, ನಾಳೆ ಐದು, ಕೆಂಪಾದದ್ದನ್ನು ಮಾತ್ರ ಬಿಡಿಸಬೇಕು. ಬೇರೆಯವರ ಕೈಗೆ ಬಿಟ್ಟು ಹೋಗೋಣವೆಂದರೆ ಐದು ವರ್ಷದ ಬೆಳೆ. ಒಂದು ವಾರ ತಲೆ ಕೆರೆದುಕೊಂಡೆ. ಕೊನೆಗೆ ಒಂದು ಸಂಜೆ ಮುಖ ಇಷ್ಟು ಉದ್ದ ಮಾಡಿಕೊಂಡು ಮನೆಗೆ ಬಂದು, "ಸುಮಾ, ಮುದೀರ್ ರಜೆ ಕೊಡಲ್ಲ ಅಂದುಬಿಟ್ಟರು ಕಣೇ. ಪ್ರಾಜೆಕ್ಟ್ ಹ್ಯಾಂಡೋವರ್ ಇದೆಯಂತೆ" ಅಂದೆ.

ಮುದೀರ್ ಅಂದರೆ ನಮ್ಮ ಮ್ಯಾನೇಜರು, ಅಬು ಖಾಲಿದ್. ಇರುವೆಗೂ ರಜೆ ಕೊಡುವಷ್ಟು ಮೆತ್ತನೆಯ ಮನುಷ್ಯ. ನಾನು ಅವರನ್ನು ರಜೆ ಕೇಳಿಯೇ ಇರಲಿಲ್ಲ. ಆದರೂ ಆ ಸಂಜೆ ಅವರನ್ನು ಕಲ್ಲೆದೆಯವನು, ನಮ್ಮ ವಾಸದ ಪರವಾನಗಿ ಇಕಾಮಾ ತನ್ನ ಕೈಯಲ್ಲಿದೆ ಅಂತ ಕುಣಿಸುವವನು ಎಂದೆಲ್ಲ ಬಾಯಿಗೆ ಬಂದಂತೆ ಬೈದೆ. ಸುಮಾ ಅಳುತ್ತಾಳೆ, ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಗಿಡದ ಕಡೆ ನೋಡಿ, "ಹೋಗ್ಲಿ ಬಿಡ್ರೀ, ಏನ್ ಮಾಡೋಕಾಗತ್ತೆ. ನಾವಿಬ್ರೇ ಹೋಗಿ ಬರ್ತೀವಿ" ಅಂದಳು. ಎಂಥ ಸಹನೆಯ ಹೆಣ್ಣು ಎಂದು ಮನಸ್ಸಿನಲ್ಲೇ ಕೈ ಮುಗಿದೆ.

ಅವರನ್ನು ವಿಮಾನ ಹತ್ತಿಸಿ ಬಂದ ಮೇಲೆ ಶುರುವಾಯಿತು ನನ್ನ ತೋಟಗಾರಿಕೆ. ಬಿಡಿಸಿದ ಹಣ್ಣನ್ನು ಬೆರಳಲ್ಲಿ ಹಿಸುಕಿದರೆ ಒಳಗಿಂದ ಎರಡು ಬೀಜ ಜಾರಿ ಬರುತ್ತವೆ, ಮೈಯೆಲ್ಲ ಲೋಳೆ. ನೀರಲ್ಲಿ ನೆನೆಹಾಕಿ, ಉಜ್ಜಿ ತೊಳೆದು, ಒಣಗಿಸಬೇಕು. ಮದುವೆಯ ದಿನ ಬೆಳಿಗ್ಗೆ ಸುಮಾ ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿ ನಿಂತು ಅದನ್ನೇ ಮಾಡುತ್ತಿದ್ದೆ. ಹಿಂದಿನಿಂದ ವಾಲಗ ಕೇಳಿಸಿತು. ಭಾಮೈದ ಫೋನ್ ತೆಗೆದುಕೊಂಡು, "ಭಾವ, ನೀವಿಲ್ದೆ ಬೇಜಾರು. ನಿಮ್ಮ ಕಷ್ಟ ನಮಗೆ ಗೊತ್ತಾಗತ್ತೆ" ಅಂದ. ಕೈತುಂಬ ಲೋಳೆ, ಬಾಯಲ್ಲಿ ಸುಳ್ಳು. ಈ ಬೀಜಗಳಿಂದ ಒಂದು ಲೋಟ ಕಾಫಿಯಾದರೂ ಆಗಲೇಬೇಕು, ಇಲ್ಲದಿದ್ದರೆ ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ ಎಂದು ನಿರ್ಧರಿಸಿದೆ.

ಒಣಗಿಸಲು ಬಿಲ್ಡಿಂಗಿನ ತಾರಸಿಯೇ ಸರಿ. ತಾರಸಿಯ ಬೀಗದ ಕೈ ಹಾರಿಸ್ ಬಳಿ ಇರುತ್ತದೆ. ಇಲ್ಲಿ ಪ್ರತಿ ಕಟ್ಟಡಕ್ಕೂ ಒಬ್ಬ ಹಾರಿಸ್, ಅಂದರೆ ಕಾವಲುಗಾರ. ನಮ್ಮವನು ಸಯ್ಯಿದ್, ಈಜಿಪ್ಟಿನ ಹಳ್ಳಿಯವನು, ಅಪ್ಪಟ ರೈತನ ಮಗ. ಎಂಜಿನಿಯರುಗಳನ್ನೆಲ್ಲ ಅವನ ಊರಿನ ಮರ್ಯಾದೆಯಂತೆ "ಯಾ ಬಾಶ್‌ಮುಹಂದಿಸ್" ಎಂದು ಕರೆಯುತ್ತಾನೆ. ನನ್ನ ಬಟ್ಟಲಿನೊಳಗೆ ಇಣುಕಿ, "ಯಾ ಬಾಶ್‌ಮುಹಂದಿಸ್, ಯೇ ಪೂರಾ ಫಸಲ್ ಹೈ?" ಎಂದು ಕೇಳಿದ. ಹೌದೆಂದೆ. ಅವನು ತನ್ನ ಹರುಕು ಹಿಂದಿಯಲ್ಲಿ, ಇಷ್ಟನ್ನು ನಮ್ಮಪ್ಪನ ಎಮ್ಮೆಯ ಮುಂದೆ ಇಟ್ಟರೆ ಅದು ತಲೆ ಸಹ ಎತ್ತುವುದಿಲ್ಲ ಎಂದ. ಬೀಗದ ಕೈಯನ್ನೇನೋ ಕೊಟ್ಟ. ಹರವಲು ಶುಭ್ರವಾದ ದೊಡ್ಡ ಬಟ್ಟೆ ಬೇಕಾಗಿತ್ತು. ಮನೆಯಲ್ಲಿ ಹುಡುಕಿದೆ, ಹಾಸಿಗೆಯ ಹೊದಿಕೆಗಳೆಲ್ಲ ಹೂಬಳ್ಳಿಯವು, ಬಣ್ಣ ಬಿಟ್ಟರೆ ಕಷ್ಟ. ಸಿಕ್ಕಿದ್ದು ಮಾವನವರ ರೇಷ್ಮೆ ಪಂಚೆ. ಹೇಗೂ ಮದುವೆ ಮುಗಿದಿತ್ತು. ನೀರಿನ ಟ್ಯಾಂಕುಗಳ ನಡುವೆ ಅದನ್ನು ಹಾಸಿ, ಬೀಜ ಹರವಿ, ನಾಲ್ಕು ಮೂಲೆಗೆ ಇಟ್ಟಿಗೆ ಹೇರಿ ಆಫೀಸಿಗೆ ಹೋದೆ.

ಹನ್ನೊಂದು ಗಂಟೆಗೆ ಕಚೇರಿಯ ಕಿಟಕಿಯಿಂದ ನೋಡಿದರೆ ಪಡುವಣದ ಆಕಾಶ ಅರಿಶಿನದ ಬಣ್ಣಕ್ಕೆ ತಿರುಗುತ್ತಿತ್ತು. ಧೂಳಿನ ಬಿರುಗಾಳಿ. ಓಡಿಹೋಗಿ ಅಬು ಖಾಲಿದರ ಬಾಗಿಲಲ್ಲಿ ನಿಂತು, "ಸರ್, ಅರ್ಜೆಂಟಾಗಿ ಮನೆಗೆ ಹೋಗಬೇಕು, ಕಾಫಿ..." ಅಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಒಲೆ ಮೇಲೆ ಕಾಫಿ ಇಟ್ಟು ಬಂದಿದ್ದೀಯಾ? ಯಲ್ಲಾ, ಓಡು!" ಎಂದು ನನ್ನ ಕಾರಿನ ಕೀಯನ್ನು ನನ್ನ ಮೇಜಿನಿಂದ ತಾವೇ ತಂದುಕೊಟ್ಟರು. ಕಲ್ಲೆದೆಯವರು!

ಎದುರಿನ ಕಾರೇ ಕಾಣದ ರಸ್ತೆಯಲ್ಲಿ ಹೇಗೆ ಫಿಂಟಾಸ್ ತಲುಪಿದೆನೋ. ಕರವಸ್ತ್ರದಲ್ಲಿ ಮೂಗು ಮುಚ್ಚಿ ತಾರಸಿಗೆ ಹತ್ತಿದರೆ ಎಲ್ಲೆಲ್ಲೂ ಹಳದಿ ಮಬ್ಬು. ಪಂಚೆಯಿಲ್ಲ, ಬೀಜವಿಲ್ಲ. ಅವುಗಳ ಜಾಗದಲ್ಲಿ ಯಾರೋ ಬಿಸಾಡಿದ್ದ ದೊಡ್ಡ ಡಿಶ್ ಆಂಟೆನಾ ಬೋರಲಾಗಿ ಬಿದ್ದಿತ್ತು, ಅದರ ಮೇಲೆ ತಲೆಗೆಲ್ಲ ವಸ್ತ್ರ ಸುತ್ತಿಕೊಂಡು ಸಯ್ಯಿದ್ ಕೂತಿದ್ದ. ಬರೀ ಕಣ್ಣು ಕಾಣುತ್ತಿದ್ದವು, ಅವು ಕೆಂಡವಾಗಿದ್ದವು. "ಫಸಲನ್ನು ಬಯಲಲ್ಲಿ ಬಿಟ್ಟು ಆಫೀಸಿಗೆ ಹೋಗ್ತಾರಾ ಬಾಶ್‌ಮುಹಂದಿಸ್? ನೀವೆಂಥಾ ರೈತರು?" ಎಂದು ಆ ಗಾಳಿಯಲ್ಲೂ ಕೂಗಿ ಬೈದ. ಅವನು ಇಲ್ಲೇ ಇಪ್ಪತ್ತು ವರ್ಷದಿಂದ ಕಾವಲು ಕಾಯುತ್ತಿದ್ದಾನೆ, ಹೊಲ ಬಿಟ್ಟು ಬಂದವನು. ಗಾಳಿಯ ವಾಸನೆ ಹಿಡಿದೇ ಮೇಲೆ ಓಡಿ ಬಂದು ಪಂಚೆ, ಬೀಜದ ಮೇಲೆ ಡಿಶ್ ಕವುಚಿದ್ದನಂತೆ. ನಾನು ಹೋಗಿ ಡಿಶ್ಶಿನ ಇನ್ನೊಂದು ಬದಿಯಲ್ಲಿ ಕೂತೆ. ಹವಾಯಿಯ ಚಕ್ರದ ಚಾವಣಿ ಹೀಗೆ ಫಿಂಟಾಸಿಗೂ ಬಂತು. ಒಂದೂವರೆ ಗಂಟೆ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಧೂಳು ಕುಡಿದೆವು. ನನಗೆ ಆ ಮನುಷ್ಯನ ಮೇಲೆ ಹುಟ್ಟಿದ ಪ್ರೀತಿಯನ್ನು ಹೇಗೆ ಹೇಳಲಿ, ನಾಚಿಕೆಯೂ ಅಷ್ಟೇ ಆಯಿತು.

ಹುರಿದು ಪುಡಿ ಮಾಡಿದಾಗ ಎರಡು ಪುಟ್ಟ ಲೋಟಕ್ಕಾಗುವಷ್ಟು ಬಂತು. ಒಂದನ್ನು ಸಯ್ಯಿದ್ ಕುಡಿದ. ಹಾಲು ಹಾಕಬೇಡ ಎಂದು ತಾಕೀತು ಮಾಡಿ, ಏಲಕ್ಕಿ ಇಲ್ಲವೆಂದು ಗೊಣಗಿ, ಕೊನೆಗೆ "ಕುವೈಸ್" ಎಂದ, ಅಂದರೆ ಪರವಾಗಿಲ್ಲ, ಚೆನ್ನಾಗಿದೆ. ಇನ್ನೊಂದಕ್ಕಾಗುವ ಪುಡಿಯನ್ನು ಡಬ್ಬಿಯಲ್ಲಿ ಜೋಪಾನವಾಗಿಟ್ಟೆ. ಆಗಸ್ಟ್ ಕೊನೆಯಲ್ಲಿ ಸುಮಾ, ಅನಘಾ ಬಂದರು. ಸುಮಾ ಕೈಕಾಲು ತೊಳೆದು ಕೂತ ಮೇಲೆ, ಗಟ್ಟಿ ಡಿಕಾಕ್ಷನ್ನಿಗೆ ಕಾಯಿಸಿದ ಹಾಲು ಬೆರೆಸಿ ಬೆಳ್ಳಿ ಲೋಟದಲ್ಲಿ ಮುಂದಿಟ್ಟೆ. "ನಮ್ಮ ಎಸ್ಟೇಟಿನದು. ಆಫೀಸ್ ಕೆಲಸದ ಮಧ್ಯೆ ಹೇಗೋ ಬಿಡುವು ಮಾಡಿಕೊಂಡು..." ಎಂದು ಶುರು ಮಾಡಿದೆ.

ಸುಮಾ ಒಂದು ಗುಟುಕು ಕುಡಿದಳು. "ಚೆನ್ನಾಗಿದೆ ರೀ. ಸ್ವಲ್ಪ ಮರಳು ಸಿಗತ್ತೆ" ಅಂದಳು. ಇನ್ನೊಂದು ಗುಟುಕು ಕುಡಿದು, "ಅಬು ಖಾಲಿದ್ ನಾವು ಹೊರಡೋಕ್ ಮುಂಚೇನೇ ಫೋನ್ ಮಾಡಿದ್ರು. ನಿನ್ ಗಂಡ ಈ ವರ್ಷ ರಜೇನೇ ಕೇಳಿಲ್ಲ, ಮನೇಲೇನಾದ್ರೂ ಜಗಳಾನಾ ಅಂತ" ಅಂದಳು.

ಏಸಿಯ ಹವೆಯಲ್ಲೂ ನನ್ನ ಕಿವಿ ಬಿಸಿಯಾದವು. "ನೀನೇನಂದೆ?"

"ಅವರಿಗೆ ಕೆಲಸ ಅಂದ್ರೆ ಪ್ರಾಣ ಸಾರ್, ಹಾಗೇ ಇರ್ಲಿ ಬಿಡಿ ಅಂದೆ."

"ಗೊತ್ತಿದ್ದೂ ಸುಮ್ಮನಿದ್ದೆಯಾ? ನಿನ್ನ ತಮ್ಮನ ಮದುವೆ ಕಣೇ!"

"ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು, ನಾನು ತವರಲ್ಲಿ ಆರಾಮಾಗಿ ಇದ್ದಿದ್ದು ಇದೇ ಮೊದಲನೇ ಸಲ ರೀ. ನೀವು ಬಂದ್ರೆ ಮೂರನೇ ದಿನಕ್ಕೇ ಕರೆಂಟಿಲ್ಲ, ಸೊಳ್ಳೆ, ಕಾಫಿ ನೀರು ನೀರು ಅಂತ ಶುರು ಹಚ್ಕೋತೀರ. ನಾನು ಎಲ್ಲರ ಮುಖ ನೋಡ್ಕೊಂಡು ತಿರುಗಬೇಕು. ಈ ಸಲ ಎಷ್ಟು ನಕ್ವಿ ಗೊತ್ತಾ!" ಅಂದಳು. ಪಕ್ಕದಲ್ಲಿದ್ದ ಅನಘಾ, "ಇಟ್ ವಾಸ್ ದಿ ಬೆಸ್ಟ್ ಹಾಲಿಡೇ ಎವರ್, ಅಪ್ಪಾ" ಎಂದು ಸಾಕ್ಷಿ ಹೇಳಿದಳು. ಸುಮಾ ಲೋಟ ಖಾಲಿ ಮಾಡಿ, ಗಿಡದ ಕಡೆ ತಿರುಗಿ, "ಇದು ಪ್ರತಿ ವರ್ಷಾನೂ ಕಾಯಿ ಬಿಡತ್ತಾ?" ಎಂದು ತುಂಬಾ ಅಕ್ಕರೆಯಿಂದ ಕೇಳಿದಳು.

ಈಗ ಫಿಂಟಾಸ್ ಎಸ್ಟೇಟಿನ ಮೇಲ್ವಿಚಾರಣೆ ನನ್ನ ಕೈಯಲ್ಲಿಲ್ಲ. ಸುಮಾ ಅಕ್ಕಿ ತೊಳೆದ ನೀರನ್ನು ಅಳತೆ ಮಾಡಿ ಹಾಕುತ್ತಾಳೆ, ಊರಿಂದ ಹಿಂಡಿ ಗೊಬ್ಬರ ತಂದಿದ್ದಾಳೆ. ಅನಘಾ ಹೇಳಿಸಿಕೊಳ್ಳದೆ ಎಲೆ ಒರೆಸುತ್ತಾಳೆ. ಈ ವರ್ಷ ಕಾಯಿ ನೂರು ದಾಟಿದೆ, ಜುಲೈಗೆ ಸರಿಯಾಗಿ ಹಣ್ಣಾಗುತ್ತದೆ ಎಂದು ಸುಮಾಳೇ ಲೆಕ್ಕ ಹಾಕಿ ಎರಡು ಟಿಕೆಟ್ ತೆಗೆಸಿದ್ದಾಳೆ. ಪಂಚೆಯನ್ನೂ ಒಗೆದು ಮಡಿಸಿ, ಸಯ್ಯಿದನಿಂದ ಇಸಕೊಂಡ ತಾರಸಿಯ ಬೀಗದ ಕೈ ಜೊತೆಗೇ ಇಟ್ಟಿದ್ದಾಳೆ. ಮೊನ್ನೆ ನೋಡಿದರೆ ಕಿಟಕಿಯ ಬಳಿ ಇನ್ನೊಂದು ಚಿಕ್ಕ ಕುಂಡ, ಅದರಲ್ಲಿ ಆಗ ತಾನೇ ತಲೆ ಎತ್ತಿದ ಕಾಫಿ ಮೊಳಕೆ. ಇದೇಕೆ ಎಂದೆ. "ಒಂದು ವರ್ಷ ಆ ಗಿಡ ಕೈ ಕೊಟ್ರೆ?" ಅಂದಳು.