ಹುಮನಾಬಾದದ ಹಂಡೆಗೆ ನಳ ಬಂದದ್ದು

ಹುಮನಾಬಾದದ ದಿಗಂಬರರಾಯರಿಗೆ (ಹೆಸರಿಗೂ ಸ್ನಾನಕ್ಕೂ ಸಂಬಂಧ ಕಟ್ಟಬೇಡಿ) ಇದ್ದದ್ದು ಒಂದೇ ಆಸೆ: ಒಮ್ಮೆಯಾದರೂ ಶುದ್ಧ ಬಿಸಿನೀರಿನ ಸ್ನಾನ. ವಾಡೆಯಲ್ಲಿ ಹದಿನೇಳು ಮಂದಿ. ಬಚ್ಚಲು ಒಂದು, ಹಂಡೆ ಒಂದು. ಎಲ್ಲರೂ ಅದರಲ್ಲೇ ಚರಗಿ ಅದ್ದಿ ನೀರು ಮೊಗೆಯುವವರು. ರಾಯರ ಸರದಿ ಬರುವ ಹೊತ್ತಿಗೆ ತಳದಲ್ಲಿ ಉಳಿಯುತ್ತಿದ್ದುದು ತಣ್ಣನೆಯ ಸೀಗೆಕಾಯಿ ಸಾರು, ಒಗ್ಗರಣೆಗೆ ನಾಲ್ಕು ತಲೆಮಾರಿನ ಕೂದಲು.

ಮೂವತ್ತೊಂಬತ್ತನೇ ಇಸವಿಯಲ್ಲಿ ಹೈದರಾಬಾದಿನ ಮುಸಾಫಿರಖಾನೆಯೊಂದರಲ್ಲಿ ಅವರು ತಿರುವಿದರೆ ನೀರು ಸುರಿಸುವ ಹಿತ್ತಾಳೆಯ ನಳ ಕಂಡರು. ಜ್ಞಾನೋದಯವಾಯಿತು! ಊರಿಗೆ ಬಂದವರೇ ಕಂಚುಗಾರ ಕಾಶಿರಾಮನನ್ನು ಕರೆಸಿ, ಹಂಡೆಯನ್ನು ಬಚ್ಚಲ ಗೋಡೆಯಾಚೆ ಗಡಿಪಾರು ಮಾಡಿಸಿ, ಬುಡಕ್ಕೆ ಕೊಳವೆ ಬೆಸೆಸಿ, ಗೋಡೆ ಕೊರೆಸಿ, ಒಳಗೆ ನಳ ಕೂರಿಸಿದರು. ಇನ್ನು ಯಾವ ಚರಗಿಯೂ ಹಂಡೆಯನ್ನು ಮುಟ್ಟುವಂತಿಲ್ಲ.

ಸೋದರತ್ತೆ ಮಾಣಿಕಮ್ಮ ಬಂದರು. ಮಡಿಯ ವಿಷಯದಲ್ಲಿ ಅವರೇ ವಾಡೆಯ ಹೈಕೋರ್ಟು.

"ದಿಗ್ಯಾ, ಈ ನಳಾ ಯಾರು ಮುಟ್ಟತಾರ?"

"ಎಲ್ಲಾರೂ, ಅತ್ತಿ."

"ಮೈಲಿಗಿ ಕೈಲೆ ತಿರುವತಾರ. ನಾ ಜಳಕಾ ಮುಗಿಸಿ ಅದನ್ನ ಮುಟ್ಟಿ ಬಂದ್ ಮಾಡಬೇಕು. ಮಡಿ ಕೆಟ್ಟಿತು, ಮತ್ತ ಜಳಕಾ. ಮತ್ತ ಬಂದ್ ಮಾಡಬೇಕು, ಮತ್ತ ಜಳಕಾ. ನಾ ಊಟಾ ಮಾಡೂದು ಯಾವಾಗೋ?"

ಆ ತರ್ಕದಲ್ಲಿ ಒಂದು ಹನಿಯೂ ಸೋರುವಂತಿರಲಿಲ್ಲ. ರಾಯರು ಸೋಲಲೊಲ್ಲದೆ ಮರುದಿನವೇ ನಳವನ್ನು ಕಿತ್ತು ಗೋಡೆಯ ಹೊರಗೆ, ಹಂಡೆಯ ಪಕ್ಕಕ್ಕೆ ಸಾಗಿಸಿದರು. ಒಳಗೆ ಉಳಿದದ್ದು ಕೊಳವೆಯ ಬಾಯಿ ಮಾತ್ರ.

"ಹೊರಗ ನಿಂತು ತಿರುವಾವರು ಯಾರ್ರಿ?" ಎಂದಳು ಹೆಂಡತಿ ರುಕ್ಮಿಣಿಬಾಯಿ.

"ಯಾರಾದರೂ."

"ಯಾರಾದರೂ ಅಂದ್ರ ನಡಿಯೂದಿಲ್ಲ," ಅತ್ತೆ ತೀರ್ಪಿತ್ತರು. "ಎಲ್ಲಾರಕಿಂತ ಮೊದಲ ಜಳಕಾ ಮಾಡಿ ಮಡಿಯಾದಾವರೇ ತಿರುವಬೇಕು."

ಮೊದಲ ಜಳಕ! ರಾಯರ ಕಿವಿ ನೆಟ್ಟಗಾದವು. "ಆ ಕೆಲಸಾ ನಂದು! ಮತ್ತೊಬ್ಬರಿಗೆ ಕೊಡಂಗಿಲ್ಲ!"

"ಶಾಣ್ಯಾ ಅದಿ. ಹಂಗಾದ್ರ ಒಲಿ ಹಚ್ಚಾವನೂ ನೀನ. ಮಡಿ ಇಲ್ಲದ ಒಲಿ ಮುಟ್ಟಬ್ಯಾಡ. ಭಾವಿಗೆ ಹೋಗಿ ನಾಕ್ ಕೊಡಾ ತಣ್ಣೀರು ಸುರಕೊಂಡು ಬಾ."

ಅಂದಿನಿಂದ ರಾಯರು ಒದ್ದೆ ಪಂಚೆಯಲ್ಲಿ ಹಲ್ಲು ಕಟಕಟಿಸುತ್ತ ಹಂಡೆಯ ಪಕ್ಕದಲ್ಲಿ ನಿಂತರು. ಒಳಗಿನಿಂದ ಹುಕುಂಗಳು: "ಬಿಡ್ರಿ!" "ಸಾಕ್ರಿ!" "ಯಪ್ಪಾ, ಸುಡಾಕತ್ತದ!" ಹದಿನಾರು ಮಂದಿ ಕೆಂಪಗೆ ಬೆಂದು ಹೊರಬರುವ ಹೊತ್ತಿಗೆ ಹಂಡೆ ಖಾಲಿ, ರಾಯರು ಪೇಟೆಯ ತಮ್ಮ ಅಂಗಡಿಯ ಬಾಗಿಲು ತೆರೆಯುವಾಗ ಮಧ್ಯಾಹ್ನ.

"ಲಗ್ನಾಗಿ ಇಪ್ಪತ್ತು ವರ್ಷಕ್ಕ ನಿಮ್ಮ ಕೈಲೆ ಸುಖಾ ಕಂಡೆ ನೋಡ್ರಿ," ಎಂದಳು ರುಕ್ಮಿಣಿಬಾಯಿ.

ಆ ವಾರ ನೆರೆಯೂರು ಕಲ್ಯಾಣದಿಂದ ಅವಳ ತಂದೆ ಬಂದರು. ಅರ್ಧ ಗಂಟೆ ಮಿಂದು, ಮೈಯಿಂದ ಹಬೆಯಾಡಿಸುತ್ತ ಹೊರಬಂದು, ನೀಲಿಗಟ್ಟಿದ್ದ ಅಳಿಯನನ್ನು ಮೆಚ್ಚುಗೆಯಿಂದ ನೋಡಿದರು.

"ಭಾಳ ಛಲೋ ಬಂದೋಬಸ್ತ್ ಅದ. ನಮ್ಮ ವಾಡೇಕ್ಕೂ ಒಂದು ಕೂಡಸ್ತೀನಿ. ದೀಪಾವಳಿಗೆ ಅಳಿಯಂದಿರನ್ನ ತಪ್ಪದ ಕರಕೊಂಡು ಬಾ, ಮಗಳ. ಎಣ್ಣಿ-ನೀರಿಗೆ ನಾವು ಇಪ್ಪತ್ತಮೂರು ಮಂದಿ ಇದ್ದೀವಿ."